ತಂಬೂರಿಯ ಕಟ್ಟಿಗೆ

ವಾಗ್ದೇವಿಯು ಒಮ್ಮೆ ದೇವತೆಗಳ ಸನ್ನಿಧಿಯನ್ನು ತೊರೆದು ಹೋಗಿ ವನಸ್ಪತಿಗಳನ್ನು ಹೊಕ್ಕಳೆಂದು ತೈತ್ತಿರೀಯ ಸಂಹಿತೆಯಲ್ಲಿ ಒಂದು ಆಖ್ಯಾಯಿಕೆಯುಂಟು. ದುಂದುಭಿಯಲ್ಲಿಯೂ ಕೊಳಲಿನಲ್ಲಿಯೂ ವೀಣೆಯಲ್ಲಿಯೂ ಕೇಳಿಬರುವ ದನಿಯು ಹಾಗೆ ಮರದೊಳಗೆ ಅಡಗಿಕೊಂಡ ಆ ವಾಣಿಯೇ ಎಂಬುದು ಅಲ್ಲಿಯ ಅಭಿಪ್ರಾಯ. ಕಥೆಯು ಕಿರಿದು, ಆದರೆ ಅದರಲ್ಲಿ ಬಡಿಗನೂ ಗಾಯಕನೂ ಬಲ್ಲ ಒಂದು ಸತ್ಯವಿದೆ. ಅವಳು ಎಲ್ಲ ಮರಗಳನ್ನೂ ಹೊಕ್ಕಿರಬಹುದಾದರೂ ಎಲ್ಲ ಮರಗಳಿಂದಲೂ ಒಂದೇ ತೆರನಾಗಿ ಮಾತಾಡುವುದಿಲ್ಲ. ಬೇವಿನ ಹಲಗೆಯನ್ನು ಬೆರಳಿನಿಂದ ತಟ್ಟಿದರೆ ಒಂದು ದನಿ, ಸಾಗವಾನಿಯನ್ನು ತಟ್ಟಿದರೆ ಇನ್ನೊಂದು. ಜಾಲಿಯ ತುಂಡು ಕಲ್ಲಿನಂತೆ ಟಣ್ಣೆನ್ನುವುದು. ಮಾವಿನ ತುಂಡು ಒದ್ದೆಯ ಗೋಡೆಯಂತೆ ಮೂಕವಾಗಿ ನಿಲ್ಲುವುದು. ಈ ಭೇದವನ್ನು ತಿಳಿಯಬೇಕಾದ ಪ್ರಸಂಗವು ಆಳಂದದ ಒಂದು ಮನೆಯಲ್ಲಿ ಒದಗಿದ ಬಗೆಯನ್ನು ಇಲ್ಲಿ ಹೇಳಲಾಗಿದೆ.

ಆಳಂದದ ಸೀಮೆಯು ವಾದ್ಯಗಳ ಮರ ಬೆಳೆಯುವ ಸೀಮೆಯಲ್ಲ. ಅದು ಕರಿಯ ಎರೆಯ ನಾಡು. ತೊಗರಿ, ಜೋಳ, ಕಡಲೆಗಳ ನಾಡು. ಹೊಲದ ಬದುವಿನಲ್ಲಿ ಜಾಲಿ, ಮನೆಯ ಮುಂದೆ ಬೇವು, ಊರ ಹೊರಗೆ ಹುಣಸೆ, ಗುಡಿಯ ಕಟ್ಟೆಯ ಮೇಲೆ ಆಲ, ಅರಳಿ. ಹಲಸು ಇಲ್ಲಿಯವರಿಗೆ ಸಂತೆಯಲ್ಲಿ ಕಂಡ ಹಣ್ಣು ಮಾತ್ರ. ಬೀಟೆಯೆಂಬುದು ಶ್ರೀಮಂತರ ಮನೆಯ ಕುರ್ಚಿ. ಹೀಗಿದ್ದರೂ ಹಾಡಿಕೆಗೆ ಈ ಸೀಮೆಯಲ್ಲಿ ಬರಗಾಲ ಬಿದ್ದುದಿಲ್ಲ. ಹಿಂದೆ ಜೇವರ್ಗಿ ತಾಲೂಕಿನಲ್ಲಿದ್ದ, ಈಗ ಯಡ್ರಾಮಿಗೆ ಸೇರಿದ ಕಡಕೋಳದ ಮಡಿವಾಳಪ್ಪನವರ ತತ್ತ್ವಪದಗಳೂ ಚೆನ್ನೂರ ಜಲಾಲ ಸಾಹೇಬರೇ ಮೊದಲಾದ ಅವರ ಶಿಷ್ಯರ ಪದಗಳೂ ಏಕತಾರಿಯ ಒಂದೇ ತಂತಿಯ ಮೇಲೆ ಇಂದಿಗೂ ಊರೂರು ತಿರುಗುತ್ತಿವೆ. ಆಳಂದದ ಅಮರ್ಜಾ ಹೊಳೆಯು ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುವ ಸಂಗಮದಲ್ಲಿ ದತ್ತಾತ್ರೇಯನ ಭಜನೆಯು ನಿಂತ ದಿನವಿಲ್ಲ. ಬಿದಿರಿನ ಕೋಲು, ಸೋರೆಯ ಬುರುಡೆ, ಒಂದು ತಂತಿ, ಇಷ್ಟಿದ್ದರೆ ಬಡವನಿಗೂ ಶ್ರುತಿ ದೊರೆಯುವುದು.

ಮೇಲೆ ಹೇಳಿದ ಮನೆಯಲ್ಲಿದ್ದುದು ಮಾತ್ರ ಏಕತಾರಿಯಲ್ಲ, ನಾಲ್ಕು ತಂತಿಗಳ ಮಿರಜಿನ ತಂಬೂರಿ. ಮನೆಯ ಯಜಮಾನರು ಕಿರಾಣಿಯ ವ್ಯಾಪಾರಸ್ಥರು. ವಯಸ್ಸು ಎಪ್ಪತ್ತನ್ನು ದಾಟಿತ್ತು. ಸೋಮವಾರ ಸೋಮವಾರ ಅವರ ಪಡಸಾಲೆಯಲ್ಲಿ ಹತ್ತೆಂಟು ಜನ ಕೂಡಿ ಪದ ಹಾಡುವರು. ತಂಬೂರಿಯನ್ನು ಅವರ ತಂದೆಯವರು ಸೊಲ್ಲಾಪುರದ ದಾರಿಯಾಗಿ ಮಿರಜಿಗೆ ಹೋಗಿ ತಂದಿದ್ದರು. ಮಿರಜಿನಲ್ಲಿ ಈ ಕಸುಬು ನೆಲೆಗೊಂಡುದು ಸುಮಾರು 1850ರ ಹೊತ್ತಿಗೆ. ಕತ್ತಿಗಳಿಗೆ ಸಾಣೆ ಹಿಡಿಯುವ ಶಿಕಲಗಾರರ ಮನೆತನದವರು, ಕತ್ತಿಯ ಕಾಲ ಮುಗಿಯುತ್ತ ಬಂದಾಗ ತಂತಿವಾದ್ಯಗಳ ಕಡೆಗೆ ಕೈ ತಿರುಗಿಸಿದರು. ಫರೀದ ಸಾಹೇಬರ ಹೆಸರನ್ನು ಅಲ್ಲಿಯವರು ಮೊದಲಿಗೆ ಹೇಳುವರು. ಕೊಲ್ಲುವ ಉಕ್ಕನ್ನು ಹರಿತ ಮಾಡುತ್ತಿದ್ದ ಕೈ ಹಾಡುವ ಉಕ್ಕನ್ನು ಬಿಗಿಯಲು ಕಲಿತುದು ಸಣ್ಣ ಮಾತಲ್ಲ. 2024ರಲ್ಲಿ ಮಿರಜಿನ ಸಿತಾರಕ್ಕೂ ತಂಬೂರಿಗೂ ಭೌಗೋಲಿಕ ಸೂಚಕದ ಮುದ್ರೆಯು ದೊರೆತಿದೆ. ಅಲ್ಲಿಯ ಬುರುಡೆಗಳು ಪಂಢರಪುರದ ಸುತ್ತಿನ ಹೊಲಗಳಲ್ಲಿ ಬೆಳೆಯುವ ದೊಡ್ಡ ಸೋರೆಯವು. ಪಂಢರಪುರದ ಕೆಳಗೆ ಹರಿದು ಬರುವ ಭೀಮೆಯೇ ಅಫಜಲಪುರ, ಜೇವರ್ಗಿಗಳನ್ನು ಹಾಯ್ದು ಹೋಗುವಳಾದ್ದರಿಂದ ಆ ತಂಬೂರಿಯ ಹೊಟ್ಟೆಯು ಈ ನಾಡಿನ ನೀರನ್ನೇ ಕುಡಿದು ಬೆಳೆದುದೆಂದರೆ ತಪ್ಪಾಗಲಾರದು. ಕೊರಳೂ ಮುಖದ ಹಲಗೆಯೂ ಮಾತ್ರ ದೂರದ ಕಾಡಿನವು. ಅವು ತುನ್ ಎಂಬ ಕೆಂಪು ಮರದವು. ಕನ್ನಡದಲ್ಲಿ ಇದಕ್ಕೆ ಗಂಧಗರಿಗೆಯೆಂದು ಹೆಸರು.

ಒಂದು ಬೇಸಿಗೆಯಲ್ಲಿ ಈ ಮುಖದ ಹಲಗೆಯು ಸೀಳಿತು. ಕಲಬುರಗಿಯ ಕಡೆಯ ವೈಶಾಖದ ಬಿಸಿಲನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಬಾಗಿಲು, ಕಿಟಕಿ, ಬಂಡಿಯ ಗಾಲಿ, ಎಲ್ಲವೂ ಆ ದಿನಗಳಲ್ಲಿ ಒಣಗಿ ಬಾಯಿ ಬಿಡುವುವು. ಕುದುರೆಯ ಕೆಳಗಿನಿಂದ ಕೊರಳಿನವರೆಗೆ ಗೇಣುದ್ದ ಬಿರುಕು ಬಿದ್ದು ಒಂದು ಬಿರಡೆಯೂ ಮುರಿಯಿತು. ತಂತಿಯನ್ನು ಮೀಟಿದರೆ ದನಿಯ ಬದಲು ತಗಡಿನ ಗದ್ದಲ ಹೊರಡುವುದು. ಕಲಬುರಗಿಯಲ್ಲಿ ಇಂಜಿನಿಯರಿಂಗ ಓದುತ್ತಿದ್ದ ಮೊಮ್ಮಗನು ರಜೆಗೆಂದು ಬಂದವನು ಇದನ್ನು ನೋಡಿ, ಸಮಾಧಾನದ ಮಾತನ್ನೇ ಹೇಳಿದನು.

“ಮುತ್ಯಾ, ಇದಕ್ಕ ಯಾಕ ಇಷ್ಟು ಚಿಂತಿ ಮಾಡ್ತೀರಿ? ಈಗ ಕರೆಂಟಿನ ತಂಬೂರಿ ಬಂದದ. ಗುಂಡಿ ಒತ್ತಿದ್ರ ಸಾಕು, ಸೀಳೂದಿಲ್ಲ, ಬಿರಡಿ ತಿರುವೂದಿಲ್ಲ. ಮೊಬೈಲನ್ಯಾಗೂ ಅದ.”

ಅವನು ಅದನ್ನು ಕೇಳಿಸಿಯೂ ತೋರಿಸಿದನು. ಷಡ್ಜ, ಪಂಚಮ ಎರಡೂ ಶುದ್ಧವಾಗಿದ್ದವು. ಸೋಮವಾರದ ಮಂಡಳಿಯವರು ತಲೆದೂಗಿದರು. ಯಜಮಾನರು ಮಾತ್ರ ಏನೂ ಹೇಳದೆ, ಸೀಳಿದ ತಂಬೂರಿಯನ್ನು ಬಟ್ಟೆಯಲ್ಲಿ ಸುತ್ತಿ ದೇವರ ಮನೆಯಲ್ಲಿ ಇಟ್ಟರು. ಆ ಸೋಮವಾರವೂ ಅದರ ಮುಂದಿನ ಸೋಮವಾರವೂ ಅವರು ಹಾಡಲಿಲ್ಲ. ಹಟವೆಂದು ಕೆಲವರು ತಿಳಿದರು, ವಯಸ್ಸೆಂದು ಕೆಲವರು.

ನಿಜವಾದ ಕಾರಣವನ್ನು ಅವರ ಪತ್ನಿಯೊಬ್ಬರೇ ಬಲ್ಲರು. ಬಾಲ್ಯದಲ್ಲಿ ಕಿವಿ ಸೋರಿ, ಸರಿಯಾದ ಚಿಕಿತ್ಸೆಯಿಲ್ಲದೆ, ಅವರ ಎರಡೂ ಕಿವಿಗಳ ತಮಟೆಗಳು ಕೆಟ್ಟಿದ್ದವು. ವರುಷ ಹೋದಂತೆ ಮಂದತನವು ಹೆಚ್ಚಿತು. ಅಂಗಡಿಯಲ್ಲಿ ಗಿರಾಕಿಯ ತುಟಿಯನ್ನು ನೋಡಿ ಮಾತನ್ನು ತಿಳಿಯುವುದು ಅವರಿಗೆ ಅಭ್ಯಾಸವಾಗಿತ್ತು. ಹಿಂದೊಮ್ಮೆ ವೈದ್ಯರೊಬ್ಬರು ಶ್ರುತಿಕವೆಯನ್ನು ಬಡಿದು ಕಿವಿಯ ಮುಂದೆ ಹಿಡಿದಾಗ ಕೇಳದಿದ್ದ ದನಿಯು, ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ತಾಗಿಸಿದಾಗ ಸ್ಪಷ್ಟವಾಗಿ ಕೇಳಿಸಿತ್ತು. ಗಾಳಿಯ ದಾರಿ ಮುಚ್ಚಿದರೂ ಎಲುಬಿನ ದಾರಿ ತೆರೆದಿದೆಯೆಂದು ಅವರು ವಿವರಿಸಿದ್ದರು. ಯಜಮಾನರು ಇದನ್ನು ಆ ಮೊದಲೇ ತಮ್ಮ ಬಗೆಯಲ್ಲಿ ಕಂಡುಕೊಂಡಿದ್ದರು. ತಂಬೂರಿಯ ಬುರುಡೆಯನ್ನು ತೊಡೆಯ ಮೇಲಿಟ್ಟು ಕೊರಳನ್ನು ದವಡೆಗೆ ಒತ್ತಿಕೊಂಡರೆ ಶ್ರುತಿಯು ಮರದಿಂದ ಎಲುಬಿಗೆ, ಎಲುಬಿನಿಂದ ಒಳಗಿವಿಗೆ ನೇರವಾಗಿ ಇಳಿಯುವುದು. ಮೂವತ್ತು ವರುಷಗಳಿಂದ ಅವರು ಹಾಡಿದುದು ಹೀಗೆ. ಮಂಡಳಿಯವರು ಅದನ್ನು ಭಕ್ತಿಯ ಭಂಗಿಯೆಂದೇ ತಿಳಿದಿದ್ದರು. ಕರೆಂಟಿನ ಪೆಟ್ಟಿಗೆಯ ಶುದ್ಧ ಷಡ್ಜವು ಅವರ ಪಾಲಿಗೆ ಎದುರು ಮನೆಯಲ್ಲಿ ಉರಿಯುವ ದೀಪ.

ಅಜ್ಜಿಯು ಇದನ್ನು ಮೊಮ್ಮಗನಿಗೆ ಹೇಳಿದಾಗ ಅವನು ಬಹಳ ಹೊತ್ತು ಸುಮ್ಮನೆ ಕುಳಿತನು. ಮರುದಿನ ತಂಬೂರಿಯನ್ನು ಎತ್ತಿಕೊಂಡು, ಓಣಿಯ ಕೊನೆಯಲ್ಲಿದ್ದ ಬಡಿಗೇರ ಮುದುಕನ ಕಡೆಗೆ ಅಜ್ಜನನ್ನೂ ಕರೆದುಕೊಂಡು ಹೋದನು.

ಬಡಿಗನು ಬಂಡಿ, ನೇಗಿಲು, ಬಾಗಿಲುಗಳನ್ನು ಮಾಡಿ ಮುಪ್ಪಾದವನು. ತಂಬೂರಿಯನ್ನು ಮಗ್ಗುಲಾಗಿ ಮಲಗಿಸಿ ಬಿರುಕಿನ ಮೇಲೆ ಉಗುರಾಡಿಸಿ, “ಸಾವ್ಕಾರ್ರೆ, ನಾ ಬಂಡಿ ಮಾಡಾಂವ. ಇದು ದನಿಯ ಕೆಲಸ. ಕಟಗಿ ತಪ್ಪಿದ್ರ ನಿಮ್ಮ ಅಪ್ಪಾವ್ರ ಸಾಮಾನು ಕೆಡಿಸಿದಾಂಗ ಆಗ್ತದ” ಎಂದು ಮೊದಲೇ ಹೇಳಿದನು. ಆಮೇಲೆ ತನ್ನಲ್ಲಿದ್ದ ಮರಗಳನ್ನು ಒಂದೊಂದಾಗಿ ತಂದಿಟ್ಟು ಅವುಗಳ ಗುಣದೋಷಗಳನ್ನು ಎಣಿಸತೊಡಗಿದನು. ಜಾಲಿಯು ಗಟ್ಟಿ, ಗಾಲಿಯ ಕುಂಭಕ್ಕೆ ಅದರಂಥದು ಬೇರೊಂದಿಲ್ಲ; ಆದರೆ ಭಾರವಾದ ಹಲಗೆಯನ್ನು ತೆಳ್ಳಗಿನ ತಂತಿಯು ಅಲುಗಿಸಲಾರದು. ಬೇವಿಗೆ ಹುಳ ಹತ್ತುವುದಿಲ್ಲ, ಆದರೆ ಅದರ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ರಂದಾ ಹೊಡೆದಾಗ ಕಿತ್ತು ಬರುವುವು. ತೆಳುವಾಗಿ ಸೀಳಿದರೆ ತಿರುಚಿಕೊಳ್ಳುವುದು. ಮಾವು ಅಗ್ಗ, ಅದರ ದನಿಯೂ ಅಗ್ಗ. ಆಲ, ಅತ್ತಿಗಳು ಹಗುರ. ಆದರೆ ಮೆತ್ತಗಿದ್ದು ಬೇಗನೆ ಹುಳ ಹಿಡಿಯುವುವು. ಸಾಗವಾನಿಯು ನಂಬುಗೆಯ ಮರ, ಬಿಸಿಲಿಗೂ ಮಳೆಗೂ ಅಲುಗದು. ಆದರೆ ಅದರೊಳಗಿನ ಎಣ್ಣೆಯಿಂದ ಸರೇಸು ಚೆನ್ನಾಗಿ ಹಿಡಿಯುವುದಿಲ್ಲ. “ಒಂದೊಂದು ಕಟಗಿಗಿ ಒಂದೊಂದು ಕೆಲಸ ದೇವರು ಬರದಾನ. ಇದ್ರಾಗ ಇದರ ಕೆಲಸದ್ದು ಯಾವುದೂ ಇಲ್ಲ” ಎಂದು ಅವನು ಮುಗಿಸಿದನು.

ಓದಿದ ಪಂಡಿತನು ಗ್ರಂಥಗಳಿಂದ ತಿಳಿಯುವುದನ್ನು ಅವನು ಬಾಚಿಯಿಂದ ತಿಳಿದಿದ್ದನು. ದೇವಗಿರಿಯ ಯಾದವರ ಆಶ್ರಯದಲ್ಲಿದ್ದು 13ನೆಯ ಶತಮಾನದಲ್ಲಿ ಸಂಗೀತರತ್ನಾಕರವನ್ನು ರಚಿಸಿದ ಶಾರ್ಙ್ಗದೇವನು ಏಕತಂತ್ರಿ ವೀಣೆಯ ದಂಡಕ್ಕೆ ಖದಿರವನ್ನು, ಎಂದರೆ ಕಾಚಿನ ಮರವನ್ನು, ವಿಧಿಸಿರುವನು. ಗಂಟಿಲ್ಲದ, ಬಿರುಕಿಲ್ಲದ, ನೆಟ್ಟಗಿನ ಮರವಾಗಬೇಕೆಂಬುದು ಅವನ ನಿಯಮ. ದಂಡಕ್ಕೆ ಬಿಗುವು ಬೇಕು, ಖದಿರವು ಗಟ್ಟಿಯಾದುದು. ತಂಜಾವೂರಿನವರು ವೀಣೆಯ ಕೊಡ, ದಂಡಗಳನ್ನು ಹಲಸಿನಿಂದ ಕಡೆಯುವರು. ಒಂದೇ ದಿಮ್ಮಿಯಿಂದ ಇಡೀ ವೀಣೆಯನ್ನು ಕಡೆದರೆ ಅದಕ್ಕೆ ಏಕಾಂಡ ವೀಣೆಯೆಂದು ಹೆಚ್ಚಿನ ಮರ್ಯಾದೆ. ಮೃದಂಗದ ಕಳಸಿಗೆಗೂ ಹಲಸೇ. ಮೈಸೂರಿನ ಕಡೆಯ ಹಳೆಯ ವೀಣೆಗಳಲ್ಲಿ ಬೀಟೆಯೂ ಉಂಟು; ಅದು ಕಪ್ಪಾಗಿ, ತೂಕವಾಗಿ, ದೀರ್ಘವಾದ ಅನುರಣನವುಳ್ಳದ್ದು. ತೂಕದ ಲೆಕ್ಕವನ್ನು ನೋಡಿದರೆ ಒಂದು ಘನ ಮೀಟರಿಗೆ ಬೀಟೆ 800 ಕಿಲೋಗ್ರಾಮಿಗೂ ಮಿಕ್ಕು, ಸಾಗವಾನಿ ಸುಮಾರು 650, ತುನ್ ಸುಮಾರು 450ರಿಂದ 500. ಬೆನ್ನಿಗೂ ದಂಡಕ್ಕೂ ತೂಕವು ಗುಣವಾದರೆ ಮುಖದ ಹಲಗೆಗೆ ಅದೇ ದೋಷ. ತಂತಿಯ ಚಲನವು ಕುದುರೆಯ ಮೂಲಕ ಹಲಗೆಗೆ ಬಂದು, ಹಲಗೆಯು ಗಾಳಿಯನ್ನು ತಳ್ಳಬೇಕು. ಹಲಗೆಯು ಹಗುರವಾಗಿಯೂ ಎಳೆಯುದ್ದಕ್ಕೆ ಬಿಗಿಯಾಗಿಯೂ ಇದ್ದರೆ ಸ್ವಲ್ಪ ಶಕ್ತಿಯಿಂದ ಬಹಳ ದನಿ ಹುಟ್ಟುವುದು. ಯುರೋಪದವರು ಪಿಟೀಲಿನ ಮುಖಕ್ಕೆ ಬಳಸುವ ಸ್ಪ್ರೂಸ್ ಮರದಲ್ಲಿ ಎಳೆಯುದ್ದಕ್ಕೆ ದನಿಯು ಸೆಕೆಂಡಿಗೆ 5000 ಮೀಟರಿಗೂ ಹೆಚ್ಚು ಓಡುವುದು. ಗಾಳಿಯಲ್ಲಿ ಅದು ಸುಮಾರು 340 ಮೀಟರು ಮಾತ್ರ.

ಮರವೊಂದೇ ಎಲ್ಲವನ್ನೂ ಮಾಡುವುದೆಂದೂ ಅಲ್ಲ. ತಂಬೂರಿಯ ಕುದುರೆಯು ಅಗಲವಾಗಿ, ಸ್ವಲ್ಪ ಬಾಗಿಕೊಂಡಿರುವುದು. ತಂತಿಯ ಕೆಳಗೆ ಒಂದು ನೂಲೆಳೆಯನ್ನು ಸೇರಿಸಿ ಜೀವಾಳಿ ಕಟ್ಟಿದಾಗ ತಂತಿಯು ಆ ಬಾಗಿನ ಮೇಲೆ ಸವರುತ್ತ ಅಸಂಖ್ಯ ಮೇಲ್ದನಿಗಳನ್ನು ಹೊರಡಿಸುವುದು. ಚಂದ್ರಶೇಖರ ವೆಂಕಟರಾಮನ್ನರು 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ತಂತಿಯನ್ನು ಎಲ್ಲಿ ಮೀಟಿದರೆ ಯಾವ ಮೇಲ್ದನಿ ಹುಟ್ಟಬಾರದೆಂದು ಪಾಶ್ಚಾತ್ಯ ನಿಯಮವು ಹೇಳುತ್ತದೆಯೋ ಆ ಮೇಲ್ದನಿಯೂ ಈ ಕುದುರೆಯ ದೆಸೆಯಿಂದ ಹುಟ್ಟುವುದೆಂದು ತೋರಿಸಿದರು. ಆದರೆ ಕುದುರೆಯು ಹೇಳಿದುದನ್ನು ಊರಿಗೆ ಸಾರಲು ಹಲಗೆಯೇ ಬೇಕು.

ಮೊಮ್ಮಗನಲ್ಲಿ ಯುಕುಲೇಲಿಯೆಂಬ ನಾಲ್ಕು ತಂತಿಗಳ ಸಣ್ಣ ವಾದ್ಯವೊಂದಿತ್ತು. ಬಡಿಗನು ಅದನ್ನು ಕಂಡು ತಟ್ಟಿ ನೋಡಿ, ಇದು ಯಾವ ಕಟ್ಟಿಗೆಯೆಂದು ಕೇಳಿದನು. ಹುಡುಗನು ಹೇಳಿದ ಸಂಗತಿಯು ಮುದುಕರಿಬ್ಬರಿಗೂ ವಿನೋದವೆನಿಸಿತು. 1879ರಲ್ಲಿ ಪೋರ್ತುಗೀಜರ ಮದೀರಾ ದ್ವೀಪದಿಂದ ಕಬ್ಬಿನ ತೋಟಗಳ ಕೂಲಿಗೆಂದು ಹವಾಯಿ ದ್ವೀಪಗಳಿಗೆ ಹಡಗಿನಲ್ಲಿ ಬಂದವರು ತಮ್ಮ ನಾಡಿನ ಪುಟ್ಟ ತಂತಿವಾದ್ಯವನ್ನು ಸಂಗಡ ತಂದರು. ಅವರಲ್ಲಿ ಕೆಲವರು ಬಡಿಗರು. ಅವರು ಅಲ್ಲಿಯ ಕೋವಾ ಎಂಬ ಮರದಿಂದ ಅದನ್ನು ಮಾಡತೊಡಗಿದರು. ಮುಂದೆ ಅಮೆರಿಕೆಯ ಕಾರಖಾನೆಗಳು ಮಹಾಗನಿಯಿಂದ ಮಾಡಿದುವು. ಕೋವಾದ ದನಿಯು ಚುರುಕು, ಮಹಾಗನಿಯದು ಮೃದು, ಸ್ಪ್ರೂಸಿನ ಮುಖವಿದ್ದರೆ ದನಿ ದೊಡ್ಡದು ಎಂದು ಅದನ್ನು ಬಾರಿಸುವವರು ಇಂದಿಗೂ ವಾದಿಸುವರು. ಸಸ್ಯಶಾಸ್ತ್ರವನ್ನು ನೋಡಿದರೆ ಆ ಕೋವಾ ನಮ್ಮ ಜಾಲಿಯ ಬಳಗದ್ದು. ಮಹಾಗನಿ, ತುನ್, ಬೇವು ಈ ಮೂರೂ ಒಂದೇ ಕುಟುಂಬದವು. ತಂಜಾವೂರಿನ ಹಲಸು, ಗಾಣಗಾಪುರದ ಔದುಂಬರ, ಆಳಂದದ ಆಲ, ಇವೂ ಒಂದೇ ಕುಲದ ದಾಯಾದಿಗಳು.

“ಹಂಗಾದ್ರ ನಮ್ಮ ಅಂಗಳದ ಬೇವು ಮಿರಜಿನ ಕಟಗಿಗಿ ತಮ್ಮ ಆಗಬೇಕಲ್ಲ?” ಎಂದು ಯಜಮಾನರು ಹುಡುಗನ ತುಟಿಯನ್ನು ನೋಡುತ್ತ ಕೇಳಿದರು.

“ಆಗ್ತದ ಮುತ್ಯಾ.”

“ತಮ್ಮ ಆದ್ರ ಏನಾತ್ರೀ? ಅಣ್ಣ ಹಾಡ್ತಾನಂದ್ರ ತಮ್ಮನೂ ಹಾಡಬೇಕಂತದ ಏನು?” ಎಂದು ಬಡಿಗನು ನಕ್ಕನು.

ಮಾತು ನಗೆಯದಾದರೂ ಅದರಲ್ಲಿ ತಥ್ಯವಿತ್ತು. ಕುಲವು ಮರದ ಸ್ವಭಾವವನ್ನು ಸ್ವಲ್ಪ ಹೇಳುವುದು, ಪೂರ್ತಿಯಾಗಿ ಹೇಳಲಾರದು. ಹೊಸ ಹಲಗೆಯನ್ನು ಹಾಕುವುದಕ್ಕಿಂತ ಹಳೆಯದನ್ನೇ ಉಳಿಸಿ ಬಿರುಕಿಗೆ ಮಾತ್ರ ತೆಳುವಾದ ಸೀಳೊಂದನ್ನು ಸೇರಿಸಿ ಒಳಗಿನಿಂದ ಸಣ್ಣ ಪಟ್ಟಿಗಳನ್ನು ಅಂಟಿಸುವುದು ಮೇಲೆಂದು ಬಡಿಗನು ಗೊತ್ತುಮಾಡಿದನು. ಆದರೆ ಆ ಸೀಳೂ ತುನ್ ಮರದ್ದೇ ಆಗಬೇಕು. ಬೇರೆ ಮರವಾದರೆ ಬೇಸಿಗೆಯಲ್ಲಿ ಒಂದು ಕುಗ್ಗುವುದು ಹೆಚ್ಚು, ಇನ್ನೊಂದು ಕಡಿಮೆ. ಮರುವರುಷ ಪಕ್ಕದಲ್ಲಿಯೇ ಮತ್ತೆ ಬಾಯಿ ಬಿಡುವುದು. ಅದೂ ಹಸಿಯದಾಗದೆ ಹಲವು ವರುಷ ಒಣಗಿದುದಾಗಬೇಕು. ಮಿರಜಿಗೆ ಒಯ್ಯೋಣವೆಂದರೆ, ಅಷ್ಟು ದೂರದ ಪಯಣದಲ್ಲಿ ಸೀಳಿದ ತಂಬೂರಿಯು ಉಳಿಯುವುದೆಂಬ ಭರವಸೆ ಅವನಿಗಿರಲಿಲ್ಲ.

ಆ ಮರವು ಮನೆಯಲ್ಲಿಯೇ ಇತ್ತು. ತಂಬೂರಿಯ ಹಲಗೆಯನ್ನು ಹದವಾಗಿ ಕಾಯಿಸಿ ಬಿಡಿಸಿದ ದಿನ ಬಡಿಗನು ಅದರ ಅಂಚನ್ನು ತುಸುವೇ ಹೆರೆದನು. ಸೌಮ್ಯವಾದ ಒಂದು ಕಂಪು ಹೊರಟಿತು. ಗಂಧಗರಿಗೆಗೆ ಆ ಹೆಸರು ಬಂದುದೇ ಇದರಿಂದ. ಯಜಮಾನರ ಪತ್ನಿಯು ಚಹ ತಂದವರು ಅದನ್ನು ಮೂಸಿ, “ಇದು ನನ್ನ ಪೆಟ್ಟಿಗಿ ವಾಸನಿ” ಎಂದರು. ಅದು ಅವರು ತವರಿನಿಂದ ತಂದ ಪೆಟ್ಟಿಗೆ. ಮದುವೆಯ ಸೀರೆಯೂ ತೀರಿಹೋದ ಹಿರಿಯ ಮಗಳ ಕುಲಾವಿಯೂ ಐವತ್ತು ವರುಷಗಳಿಂದ ಅದರಲ್ಲಿದ್ದವು. ಬಡಿಗನು ಅದರ ತಳದಲ್ಲಿ ಉಗುರಿನಿಂದ ಗೀರಿ ನೋಡಿ ಹೌದೆಂದು ತಲೆಯಾಡಿಸಿದನು. ಕೇಳಲು ಮಾತ್ರ ಅವನಿಗೆ ನಾಲಗೆ ಬರಲಿಲ್ಲ. ಯಜಮಾನರಿಗೂ ಬರಲಿಲ್ಲ. ಆ ಪೆಟ್ಟಿಗೆಯ ಬೀಗದ ಕೈಯನ್ನು ಅವರು ಎಂದೂ ಮುಟ್ಟಿದವರಲ್ಲ. ಒಂದು ದಿನ ಹಾಗೆಯೇ ಹೋಯಿತು.

ಮರುದಿನ ಮುಂಜಾನೆ ಆಕೆಯು ಪೆಟ್ಟಿಗೆಯನ್ನು ಬರಿದು ಮಾಡಿ ಅಂಗಳದಲ್ಲಿ ಮಗುಚಿಹಾಕಿದ್ದರು. “ತಳದ ಹಲಗಿ ತಗೊಂಡು ಹೋಗು ತಮ್ಮಾ” ಎಂದು ಮೊಮ್ಮಗನಿಗೆ ಹೇಳಿದರು. “ಅದರ ಬದಲಿಗಿ ಬೇವಿಂದು ಬಡಿಸ್ಕೊಂಡು ಬಾ. ಬೇವಿಗಿ ನುಸಿ ಬರೂದಿಲ್ಲ, ಸೀರಿಗಿ ಅದೇ ಛಲೋ. ಮುತ್ಯಾನ ಮುಂದ ಏನೂ ಮಾತಾಡಬ್ಯಾಡ.”

ಹದಿನೈದು ದಿನಗಳಲ್ಲಿ ಕೆಲಸವು ಮುಗಿಯಿತು. ಪೆಟ್ಟಿಗೆಯ ಹಲಗೆಯಿಂದ ಜೋಳದ ದಂಟಿನ ಸಿಪ್ಪೆಯಷ್ಟು ತೆಳುವಾದ ಸೀಳನ್ನು ತೆಗೆದು ಎಳೆಗೆ ಎಳೆ ಹೊಂದಿಸಿ ಬಡಿಗನು ಬಿರುಕನ್ನು ತುಂಬಿದನು. ಒಳಗೆ ಐದು ಪಟ್ಟಿಗಳನ್ನು ಅಡ್ಡಲಾಗಿ ಅಂಟಿಸಿದನು. ಮುರಿದ ಬಿರಡೆಯನ್ನು ಜಾಲಿಯಿಂದ ಮಾಡಿದನು. ತಂತಿಯ ಎಳೆತವನ್ನು ತಡೆದು ಜಾರದೆ ನಿಲ್ಲಲು ಆ ಗಟ್ಟಿತನವೇ ಬೇಕಾಗಿತ್ತು. ಹೀಗೆ ಅಂಗಡಿಯಲ್ಲಿ ತಳ್ಳಿಹಾಕಿದ್ದ ಮರಗಳಿಗೂ ಒಂದೊಂದು ಸ್ಥಾನ ದೊರೆಯಿತು. ಕೂಲಿಯನ್ನು ಅವನು ಬಿರಡೆಯದಷ್ಟೇ ತೆಗೆದುಕೊಂಡನು. ಉಳಿದುದನ್ನು ಎಷ್ಟು ಹೇಳಿದರೂ ಮುಟ್ಟಲಿಲ್ಲ.

ತಂತಿ ಕಟ್ಟುವುದು ಮೊಮ್ಮಗನ ಪಾಲಿಗೆ ಬಂದಿತು. ಜೀವಾಳಿಯನ್ನು ಸರಿಪಡಿಸಲು ಕಿವಿ ಬೇಕು, ಅದು ಅಜ್ಜನಿಗಿಲ್ಲ. ಹುಡುಗನು ನೂಲೆಳೆಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಹೋದನು; ಅಜ್ಜನು ಕೊರಳಿಗೆ ದವಡೆಯನ್ನು ಒತ್ತಿ ಕಣ್ಣು ಮುಚ್ಚಿ ಬೆರಳೆತ್ತಿ ಸನ್ನೆ ಮಾಡುತ್ತಿದ್ದನು. ಗಾಳಿಯಲ್ಲಿ ಕೇಳುವವನು ಒಬ್ಬ, ಎಲುಬಿನಲ್ಲಿ ಕೇಳುವವನು ಒಬ್ಬ. ಬಹಳ ಹೊತ್ತಿನ ಮೇಲೆ ನಾಲ್ಕೂ ತಂತಿಗಳು ಕೂಡಿ ಒಂದಾಗಿ ಮೊರೆದಾಗ ಇಬ್ಬರ ಕೈಗಳೂ ಒಮ್ಮೆಗೇ ನಿಂತವು.

ದನಿಯು ಹಿಂದಿನಂತೆಯೇ ಇರಲಿಲ್ಲ. ಮಂಡಳಿಯಲ್ಲಿ ಕಿವಿ ಚುರುಕಾಗಿದ್ದವರು ಅದು ಸ್ವಲ್ಪ ದಪ್ಪವಾಗಿದೆಯೆಂದರು. ಒಳಗೆ ಪಟ್ಟಿಗಳ ಭಾರ ಕೂಡಿದುದರಿಂದ ಅದು ಸಹಜವೂ ಹೌದು. ಯಜಮಾನರು ಇದನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಆ ಸೋಮವಾರ ಅವರು ಮೂರು ಪದಗಳನ್ನು ಹಾಡಿದರು. ಒಳಗಿನ ಬಾಗಿಲಲ್ಲಿ ಕುಳಿತ ಅವರ ಪತ್ನಿಯು ಕೊನೆಯವರೆಗೂ ಕೇಳಿದರು. ಪೆಟ್ಟಿಗೆಯ ತಳದ ಸಂಗತಿಯು ಯಜಮಾನರಿಗೆ ತಿಳಿದಿತ್ತೋ ಇಲ್ಲವೋ, ಅವರು ಯಾರನ್ನೂ ಕೇಳಲಿಲ್ಲ. ಹಾಡು ಮುಗಿದ ಮೇಲೆ ಮಾತ್ರ, ಎಂದಿನಂತೆ ತಂಬೂರಿಯನ್ನು ಗೂಟಕ್ಕೆ ತೂಗುಹಾಕದೆ, ಮುಖದ ಹಲಗೆಯ ಹೊಸ ಸೀಳಿನ ಮೇಲೆ ಒಮ್ಮೆ ಬೆರಳಾಡಿಸಿ, ಅದನ್ನು ಒಳಗೆ ತಂದು ಆಕೆಯ ಪೆಟ್ಟಿಗೆಯ ಪಕ್ಕದಲ್ಲಿ ಒರಗಿಸಿಟ್ಟರು. ಅಂದಿನಿಂದ ಅದರ ಸ್ಥಾನ ಅಲ್ಲಿಯೇ.